ಮನೆಮಂದಿಗೆಲ್ಲ ಬಿಸಿನೀರು

ನಮ್ಮ ಬಚ್ಚಲುಮನೆಯ ಸಣ್ಣ ಕಿಟಕಿಗೆ ಒಂದು ಪರದೆ ಇದೆ. ಅದನ್ನು ಪೋಣಿಸಿರುವ ಸರಳು ಅಂಗಡಿಯಿಂದ ತಂದದ್ದಲ್ಲ. ಅದೊಂದು ಊದುಗೊಳವೆ, ಒಲೆಯ ಬೆಂಕಿ ಊದುತ್ತಿದ್ದ ಕಬ್ಬಿಣದ ಕೊಳವೆ. ಈ ಮನೆಗೆ ಬಂದ ಹೊಸದರಲ್ಲಿ ಎಸೆಯಲು ಮನಸ್ಸು ಬಾರದೆ ಅಪ್ಪ ಅದನ್ನು ಎರಡು ಮೊಳೆಗಳ ಮೇಲೆ ಕೂರಿಸಿಬಿಟ್ಟರು. ಮೊನ್ನೆ ಪರದೆ ಒಗೆಯಲೆಂದು ಬಿಚ್ಚಿದೆ ನೋಡಿ, ಇಷ್ಟು ವರ್ಷವಾದರೂ ಅದರ ಒಂದು ತುದಿ ನನ್ನ ಕೈಗೆ ಮಸಿ ಹತ್ತಿಸಿತು. ಸುಮ್ಮನಿರಲಾರದೆ ಬಾಯಿಗಿಟ್ಟು ಊದಿದೆ. ಒಳಗಿಂದ ಒಂದು ಜೇಡ ಹೊರಬಿದ್ದು, ಗಾಬರಿಯಲ್ಲಿ ಗೋಡೆ ಹತ್ತಿತು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಶೈಲಾ, ಐವತ್ತು ದಾಟಿದ ಮೇಷ್ಟರು ಮಾಡುವ ಕೆಲಸವೇ ಇದು ಎಂದು ಕೇಳಿ ಹೋದಳು.

ನಾನು ವಿಜ್ಞಾನದ ಮೇಷ್ಟರು. ಟಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಶಾಖ, ಬೆಳಕು, ಶಬ್ದ ಇವುಗಳನ್ನು ವರ್ಷಗಟ್ಟಲೆ ಬೋಧಿಸಿದ್ದೇನೆ. ಶಬ್ದದ ವಿಷಯದಲ್ಲಿ ನನಗಿಂತ ಮಕ್ಕಳೇ ಪರಿಣತರು. ಬೆಳಕಿನ ಪಾಠಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಶಾಖ ಮಾತ್ರ ನನ್ನ ಸ್ವಂತ ಆಸ್ತಿ ಎಂದು ನಂಬಿದ್ದೆ. ಆ ನಂಬಿಕೆ ನಮ್ಮ ಬಚ್ಚಲುಮನೆಯಲ್ಲೇ ಜಾರಿ ಬಿದ್ದದ್ದನ್ನು ಹೇಳಬೇಕು.

ನಮ್ಮೂರು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿಂದಲೇ ಕಾಲೇಜಿಗೆ ಓಡಾಡುತ್ತಿದ್ದೆ. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಮಣ್ಣಿನ ಒಲೆ. ಆ ಒಲೆಗೆ ಒಡತಿ ನಮ್ಮ ಅವ್ವ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೂದಿ ಬಾಚಿ, ಹಂಡೆ ತುಂಬಿ, ಬೆಂಕಿ ಹಾಕುತ್ತಿದ್ದಳು. ಮೂಗೂರಿನ ಸೋದರತ್ತೆಯ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳು ಎಲೆ ಮೇದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಗಾಡಿಗಟ್ಟಲೆ ನಮ್ಮ ಹಿತ್ತಲಿಗೆ ಬಂದು ಬೀಳುತ್ತಿತ್ತು. ಕಡ್ಡಿ ಬೇಗ ಹತ್ತಿಕೊಂಡು ಬೇಗ ಮುಗಿಯುತ್ತದೆ. ತೆಂಗಿನ ಮಟ್ಟೆ ಹೊಗೆ ಜಾಸ್ತಿ, ಆದರೆ ನಿಧಾನಕ್ಕೆ ಉರಿಯುತ್ತದೆ. ಕರಟದ ಉರಿಗೆ ಸಮನಾದ ಉರಿ ಇನ್ನೊಂದಿಲ್ಲ. ಅವ್ವ ಇವನ್ನೆಲ್ಲ ಸ್ನಾನಕ್ಕೆ ಹೋಗುವವರ ಯೋಗ್ಯತೆ ನೋಡಿ ಹಂಚುತ್ತಿದ್ದಳು. ಅಪ್ಪನ ಸರದಿಗೆ ಕರಟ, ನಮ್ಮ ಸರದಿಗೆ ಮಟ್ಟೆ, ಅವಳ ಸರದಿಗೆ ಬೂದಿ.

ಚಳಿಗಾಲದಲ್ಲಿ ಆ ಒಲೆಯ ಬಾಯಿಯೇ ನಮ್ಮ ಓದಿನ ಕೋಣೆ. ನಾನು, ನನ್ನ ಇಬ್ಬರು ತಂಗಿಯರು ಚಾಪೆ ಎಳೆದುಕೊಂಡು ಅಲ್ಲೇ ಕೂರುತ್ತಿದ್ದೆವು. ಬೂದಿಯಲ್ಲಿ ಗೆಣಸು ಹೂತಿಡುವುದು, ಅದು ಬೆಂದಿತೇ ಎಂದು ಕಡ್ಡಿಯಿಂದ ಚುಚ್ಚುವುದು, ಚುಚ್ಚಿ ಚುಚ್ಚಿ ಅದನ್ನು ಹಾಳು ಮಾಡುವುದು. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ನನಗೆ ಬಂದ ಅರ್ಧ ಅಂಕಗಳು ಆ ಬೆಂಕಿಯ ಬೆಳಕಿನವು, ಹೋದ ಅರ್ಧ ಗೆಣಸಿನ ಪಾಲು. ಇರಲಿ, ಹಂಡೆಯ ವಿಷಯಕ್ಕೆ ಬರುತ್ತೇನೆ.

ಹಂಡೆಗೆ ಒಂದು ಕಾನೂನಿತ್ತು. ಯಾರು ಎಷ್ಟು ಬಿಸಿನೀರು ತೋಡಿಕೊಳ್ಳುತ್ತಾರೋ ಅವರು ಅಷ್ಟೇ ತಣ್ಣೀರು ಅದಕ್ಕೆ ಹಾಕಿ ಬರಬೇಕು. ಹಂಡೆ ಎಂದೂ ಬರಿದಾಗಬಾರದು. ಕೇಳಲು ಬಹಳ ನ್ಯಾಯವಾದ ಕಾನೂನು. ಮೊದಲು ಅಪ್ಪ, ಯಾಕೆಂದರೆ ಅವರು ನಂಜನಗೂಡಿನ ಬಜಾರಿನಲ್ಲಿದ್ದ ತಮ್ಮ ಅಕ್ಕಿ ಮಂಡಿಗೆ ಹೋಗಬೇಕು. ಆಮೇಲೆ ಹೊಲಕ್ಕೆ ಹೋಗುವ ಚಿಕ್ಕಪ್ಪ. ಆಮೇಲೆ ಬಸ್ಸಿಗೆ ಓಡುವ ನಾನು. ಆಮೇಲೆ ತಂಗಿಯರು. ನೆಂಟರು ಬಂದಿದ್ದರೆ ಅವರು ಅಪ್ಪನಿಗಿಂತಲೂ ಮೊದಲು. ಎಲ್ಲರೂ ನ್ಯಾಯವಾಗಿ ತೋಡಿ, ನ್ಯಾಯವಾಗಿ ತಣ್ಣೀರು ತುಂಬಿ ಹೋದ ಮೇಲೆ ಕೊನೆಗೆ ಅವ್ವ. ಅಷ್ಟರಲ್ಲಿ ಸೌದೆ ದಂಡವಾಗದಿರಲೆಂದು ಅವಳೇ ಕೊಳ್ಳಿ ಎಳೆದು ನೀರು ಚಿಮುಕಿಸಿರುತ್ತಿದ್ದಳು.

ಸ್ನಾನ ತಡವಾದರೆ ಏನಂತೆ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗವಿದೆ. ಮಿಂದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮಾಡಿಕೊಂಡ ಮೇಲೆಯೇ ಹೊಟ್ಟೆಗೆ. ನನ್ನ ಪೂಜೆ ಬಸ್ಸಿನ ವೇಳಾಪಟ್ಟಿಗೆ ತಕ್ಕಂತೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ದೇವರಿಗೂ ಬಸ್ಸಿನ ವಿಷಯ ಗೊತ್ತು ಎಂಬ ಧೈರ್ಯ ನನ್ನದು. ಅವ್ವನದು ಹಾಗಲ್ಲ. ಮುಕ್ಕಾಲು ಗಂಟೆ ಕದಲದೆ ಕೂರುತ್ತಿದ್ದಳು. ಅದು ಮುಗಿಯುವವರೆಗೆ ಒಂದು ತೊಟ್ಟು ಕಾಫಿಯೂ ಇಲ್ಲ. ನಾವೆಲ್ಲ ತಿಂದು, ತಟ್ಟೆ ತೊಳೆದಿಟ್ಟು, ಊರೂರಿಗೆ ಹೋಗಿಯಾದ ಮೇಲೆ ಹತ್ತೂವರೆಗೋ ಹನ್ನೊಂದಕ್ಕೋ ಅವಳ ಬಾಯಿಗೆ ಮೊದಲ ತುತ್ತು. ಅದೇನು ವಿಶೇಷವೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಈ ಮಾತಿಗೆ ಸೇರಿದಂತೆ ನನ್ನ ಜಾಣತನದ ಒಂದು ಉದಾಹರಣೆ ಕೊಡುತ್ತೇನೆ. ಕೆಲಸ ಸಿಕ್ಕಿ ನರಸೀಪುರಕ್ಕೆ ಓಡಾಡತೊಡಗಿದ ಮೇಲೆ ಪ್ರತಿ ವರ್ಷ ಒಂಬತ್ತನೇ ತರಗತಿಗೆ ಒಂದು ಲೆಕ್ಕ ಮಾಡಿಸುತ್ತಿದ್ದೆ. ಒಂದು ಪಾತ್ರೆಯ ಬಿಸಿನೀರಿನಿಂದ ಒಂದು ಪಾಲು ತೆಗೆದು ಅಷ್ಟೇ ತಣ್ಣೀರು ಸೇರಿಸಿದರೆ ಉಷ್ಣತೆ ಎಷ್ಟು ಇಳಿಯುತ್ತದೆ? ಇದನ್ನೇ ಐದು ಸಲ ಮಾಡಿದರೆ? ಬೋರ್ಡಿನ ತುಂಬ ಬರೆದು, ಕೊನೆಯ ಅಂಕಿಯ ಕೆಳಗೆ ಎರಡು ಗೀಟು ಎಳೆದು, "ನೋಡ್ರೋ, ಐದನೇ ಸಲಕ್ಕೆ ಇದು ಬರೀ ಉಗುರುಬೆಚ್ಚಗೆ" ಎನ್ನುತ್ತಿದ್ದೆ. ಸೀಮೆಸುಣ್ಣದ ಕೈ ಕೊಡವಿಕೊಂಡು ಮನೆಗೆ ಬರುತ್ತಿದ್ದೆ. ಆ ಐದನೇ ಸಲದ ನೀರನ್ನು ದಿನಾ ಮೈಮೇಲೆ ಸುರಿದುಕೊಳ್ಳುವವಳು ನನಗೆ ಊಟ ಬಡಿಸುತ್ತಿದ್ದಳು.

ಚಿಕ್ಕಪ್ಪ ಹೊಲ ಮನೆ ನೋಡಿಕೊಳ್ಳತೊಡಗಿದ ಮೇಲೆ ನಾವು ನಂಜನಗೂಡಿಗೆ ಬಂದು ಬಾಡಿಗೆ ಮನೆ ಹಿಡಿದೆವು. ಮಂಡಿ ಹತ್ತಿರ, ನನಗೂ ನರಸೀಪುರದ ಬಸ್ಸು ಹತ್ತಿರ. ಆ ಮನೆಯಲ್ಲಿ ಹಂಡೆಗೆ ಜಾಗವಿರಲಿಲ್ಲ. ಅವ್ವ ಬಂದ ಮೂರನೇ ದಿನಕ್ಕೇ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ತಗಡು ಹೊದಿಸಿ ತನ್ನ ರಾಜ್ಯವನ್ನು ಮತ್ತೆ ಕಟ್ಟಿದಳು. ಆ ಕಾಲದಲ್ಲೇ ನಾನು ಬಕೆಟ್ಟಿಗೆ ಇಳಿಬಿಡುವ ಕರೆಂಟಿನ ಕಾಯಿಲ್ ತಂದದ್ದು. ವಿಜ್ಞಾನದ ಮೇಷ್ಟರ ಮನೆಗೆ ವಿಜ್ಞಾನ ಬಂತೆಂದು ಎಲ್ಲರನ್ನೂ ಕರೆದು ತೋರಿಸಿದೆ. ಲೋಹ ಶಾಖವನ್ನು ಸಾಗಿಸುತ್ತದೆ, ಪ್ಲಾಸ್ಟಿಕ್ ಶಾಖಕ್ಕೆ ಕರಗುತ್ತದೆ ಎಂದು ಪಾಠ ಹೇಳುವವನು ಕಾಯಿಲನ್ನು ಪ್ಲಾಸ್ಟಿಕ್ ಬಕೆಟ್ಟಿನ ಗೋಡೆಗೆ ಒರಗಿಸಿ ಪೇಪರ್ ಓದುತ್ತ ಕೂತೆ. ಬಕೆಟ್ಟು ತೂತಾಗಿ, ನೀರೆಲ್ಲ ಹರಿದು, ನೀರಿಲ್ಲದ ಕಾಯಿಲ್ ಸಿಡಿದು ಮನೆಯೆಲ್ಲ ಸುಟ್ಟ ವಾಸನೆ. ಅಪ್ಪ ಹೊಸ ಬಕೆಟ್ಟು ತರುವಾಗ ತಗಡಿನದು ತಂದರು. ಅವ್ವ ಹಿತ್ತಲಿನ ಹಂಡೆಯಿಂದ ನನಗೆಂದು ಬಿಸಿನೀರು ತೋಡಿ ತಂದುಕೊಟ್ಟಳು. ಅದು ಯಾರ ಪಾಲಿನದು ಎಂದು ಕೇಳುವ ಬುದ್ಧಿ ನನಗೆ ಆಗಲೂ ಬರಲಿಲ್ಲ.

ಎರಡು ಸಾವಿರದ ಎಂಟರ ಹೊತ್ತಿಗೆ ನಾವು ಸ್ವಂತ ಮನೆ ಕಟ್ಟತೊಡಗಿದೆವು. ಅಷ್ಟರಲ್ಲಿ ತಂಗಿಯರು ಗಂಡನ ಮನೆ ಸೇರಿದ್ದರು. ನನಗೂ ಮದುವೆಯಾಗಿ, ಎಂಟು ವರ್ಷದ ಮಗಳು, ಐದು ವರ್ಷದ ಮಗ. ಮನೆ ಕಟ್ಟುವವರಿಗೆಲ್ಲ ಒಂದೊಂದು ಹುಚ್ಚು ಹತ್ತುತ್ತದಂತೆ. ನನಗೆ ಹತ್ತಿದ್ದು ಕರೆಂಟು ಉಳಿಸುವ ಹುಚ್ಚು. ಕಿಟಕಿ ಎಲ್ಲಿಟ್ಟರೆ ಫ್ಯಾನು ಬೇಡ, ಮಾಡಿಗೆ ಯಾವ ಬಿಲ್ಲೆ ಹಾಕಿದರೆ ಮನೆ ತಂಪು, ಹೀಗೆ ಕಾಗದಗಟ್ಟಲೆ ಬರೆದು ಮೇಸ್ತ್ರಿಯ ತಲೆ ತಿಂದೆ. ಅಪ್ಪ ಕೇಳಿದ್ದು ಜಗಲಿ. ಶೈಲಾ ಕೇಳಿದ್ದು ನಿಂತು ಅಡುಗೆ ಮಾಡುವ ಕಟ್ಟೆ. ಅವ್ವ ಕೇಳಿದ್ದು ಹಂಡೆ ಒಲೆ ಮತ್ತು ಹೊಗೆ ಹೋಗಲು ಒಂದು ಗೂಡು, ಅಷ್ಟೇ.

ಗೋಡೆ ಏಳುತ್ತಿದ್ದ ಆ ದಿನಗಳಲ್ಲೇ ಒಂದು ಭಾನುವಾರ ಹತ್ತೂವರೆಯ ಸುಮಾರಿಗೆ ಬಾಡಿಗೆ ಮನೆಯ ಹಿತ್ತಲಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ಶೈಲಾ ಓಡಿದಳು, ಹಿಂದೆಯೇ ನಾನು. ಅವ್ವ ಒಲೆಯ ಪಕ್ಕ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ಆ ಚಳಿಯಲ್ಲೂ ಮೈಯೆಲ್ಲ ಬೆವರು, ಮಾತು ತೊದಲು. ಅವಳಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದು ಆಗ ಆರೇಳು ತಿಂಗಳಾಗಿತ್ತು. ಶೈಲಾ ಒಂದು ಮುಷ್ಟಿ ಸಕ್ಕರೆ ತಂದು ಬಾಯಿಗೆ ಹಿಡಿದರೆ ಅವ್ವ ತುಟಿ ಬಿಗಿದುಕೊಂಡಳು. ಪೂಜೆ ಆಗಿಲ್ಲ ಎಂಬುದಷ್ಟೇ ನಮಗೆ ಕೇಳಿಸಿದ್ದು. ಶೈಲಾ ಅವಳ ಗದ್ದ ಹಿಡಿದು, "ಇದು ಔಷಧಿ ಅತ್ತೆ. ಔಷಧಿ" ಎಂದಳು. ಅವ್ವ ಬಾಯಿ ತೆರೆದಳು.

ಔಷಧಿಗೆ ದೋಷವಿಲ್ಲ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಅದೇ ಮಾತು ಅವಳನ್ನು ಅಂದು ಉಳಿಸಿತು, ಅವಳನ್ನು ಕೆಡವಿದ್ದೂ ಅದೇ ಎಂದು ಡಾಕ್ಟರ ಮುಂದೆ ಗೊತ್ತಾಯಿತು. ಮಾತ್ರೆ ಸರಿಯಾಗಿ ನುಂಗುತ್ತಿದ್ದೀರಾ ಎಂದು ಅವರು ಕೇಳಿದರು. ಅವ್ವನಿಗೆ ಸ್ವಲ್ಪ ಹೆಮ್ಮೆಯೇ ಆಯಿತು.

"ಏಳ್ಗಂಟೆಗೇ ನುಂಗ್ತೀನಿ ಸಾ. ಒಂದಿನಾನೂ ತಪ್ಸಿಲ್ಲ."

"ತಿಂಡಿ ಎಷ್ಟೊತ್ತಿಗೆ?"

"ಅದು ಪೂಜೆ ಆದ್ಮೇಲೆ ಅಲ್ವಾ ಸಾ."

ಮಾತ್ರೆ ಔಷಧಿ, ಅದನ್ನು ಪೂಜೆಗೆ ಮೊದಲು ನುಂಗಬಹುದು. ತಿಂಡಿ ಊಟ, ಅದನ್ನು ಮುಟ್ಟುವಂತಿಲ್ಲ. ಏಳಕ್ಕೆ ನುಂಗಿದ ಮಾತ್ರೆ ಖಾಲಿ ಹೊಟ್ಟೆಯಲ್ಲಿ ನಾಲ್ಕು ತಾಸು ರಕ್ತದ ಸಕ್ಕರೆ ಇಳಿಸುತ್ತಲೇ ಹೋಗುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸದ್ಯಕ್ಕೆ ಮಾತ್ರೆಯನ್ನೂ ತಿಂಡಿಯ ಜೊತೆಗೇ ಕೊಡಿ ಎಂದು ಬರೆದರು. ಆಮೇಲೆ ನನ್ನನ್ನು ಹೊರಗೆ ಕರೆದು, ಈ ಮೈ ಇನ್ನು ಅಷ್ಟು ಹೊತ್ತು ಹಸಿದಿರಲಾರದು, ಎಂಟು ಗಂಟೆಯೊಳಗೆ ಹೊಟ್ಟೆಗೆ ಬೀಳಲೇಬೇಕು ಎಂದರು. ಇನ್ನೊಂದು ಸಲ ಹೀಗೆ ಬಿದ್ದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅವ್ವ ನಮಗೆ ಸಿಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಮನೆಗೆ ಬಂದು ಅವ್ವನ ಮುಂದೆ ಕೂತೆವು. ಪೂಜೆ ಬಿಡು ಎಂದು ಹೇಳುವ ಬಾಯಿ ನಮಗ್ಯಾರಿಗೂ ಇರಲಿಲ್ಲ. ಬೇಗ ಎದ್ದು ತಣ್ಣೀರಲ್ಲೇ ಮಿಂದರೆ ಅವಳಿಗೆ ಕೀಲು ಹಿಡಿದುಕೊಳ್ಳುತ್ತದೆ. ಹಾಗಾದರೆ ಎಲ್ಲರಿಗಿಂತ ಮೊದಲು ಮೀಯಲಿ ಎಂದೆ. ತಾನು ಮಿಂದು ಪೂಜೆಗೆ ಕೂತರೆ ಒಲೆ ಉರಿಸುವವರು ಯಾರು ಎಂದು ಕೇಳಿದಳು. ಮಿಂದ ಮೇಲೆ ಪೂಜೆಯಾಗುವವರೆಗೆ ಬೂದಿ ಮಸಿ ಮುಟ್ಟುವಂತಿಲ್ಲ. ತಾನು ಉರಿಸುತ್ತೇನೆಂದು ಶೈಲಾ ಹೇಳಿದಳು. "ನಿಂಗೆ ಒಗೆ ಆಗಾಕಿಲ್ಲ ಕಣವ್ವ" ಎಂದು ಅವ್ವ ಆ ಮಾತನ್ನು ಅಲ್ಲಿಗೇ ಮುಗಿಸಿದಳು. ಇಪ್ಪತ್ತು ವರ್ಷದಿಂದ ಆ ಹೊಗೆಗೆ ಕೆಮ್ಮುತ್ತಿದ್ದವಳು ಅವ್ವನೇ.

ಇನ್ನುಳಿದ ದಾರಿ ಒಂದೇ. ಬೆಂಕಿಯಿಲ್ಲದೆ, ಯಾರೂ ಕಾಯದೆ, ಬೆಳಗಾಗುವಷ್ಟರಲ್ಲಿ ಬಿಸಿನೀರು ಸಿದ್ಧವಿರಬೇಕು. ನನ್ನ ಕರೆಂಟು ಉಳಿಸುವ ಹುಚ್ಚಿಗೆ ಆವತ್ತು ಒಂದು ಅರ್ಥ ಬಂತು.

ಮೊದಲು ಸೋಲಾರ್ ನೋಡಿದೆ. ನಮ್ಮ ಶಾಲೆಯ ಗಣಿತದ ಮೇಷ್ಟರು ನರಸೀಪುರದ ತಮ್ಮ ಮನೆಗೆ ಹಾಕಿಸಿದ್ದರು. ಅವರ ಮನೆಗೆ ಹೋದವರಿಗೆ ಕಾಫಿಗೆ ಮೊದಲು ಟೆರೇಸು. ನೀರು ಸುಡುತ್ತಿದೆಯೇ ಇಲ್ಲವೇ ಎಂದು ನಲ್ಲಿಗೆ ಕೈಯೊಡ್ಡಿ ಒಪ್ಪಿಕೊಂಡ ಮೇಲೆಯೇ ಇಳಿಯಲು ಬಿಡುತ್ತಿದ್ದರು. ನಾನೂ ಕೈ ಸುಟ್ಟುಕೊಂಡು ಒಪ್ಪಿ ಬಂದೆ. ಆದರೆ ನಮ್ಮ ಸೈಟಿನ ಪಕ್ಕಕ್ಕೆ ಮೂರಂತಸ್ತಿನ ಕಲ್ಯಾಣಮಂಟಪ. ಮಧ್ಯಾಹ್ನದವರೆಗೂ ಅದರ ನೆರಳು ನಮ್ಮ ಮಾಡಿನ ಮೇಲೆ. ಊರಿನವರೆಲ್ಲ ಮದುವೆಯಾಗಲಿ, ನಮಗೆ ಬಿಸಿಲು ಬೇಡವೇ? ಇನ್ನು ಗೀಸರು. ಅದು ಕರೆಂಟು ಕುಡಿಯುವ ರೀತಿ ಒಂದು ಕಡೆ, ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೋಗುತ್ತಿದ್ದ ನಮ್ಮ ಕರೆಂಟು ಇನ್ನೊಂದು ಕಡೆ.

ಆಗ ಸಿಕ್ಕವನು ಕುಮಾರ. ಹೆಡತಲೆ ಎಂಬ ಊರಿನವನು, ನಂಜನಗೂಡಿನಲ್ಲಿ ಫ್ರಿಜ್ ರಿಪೇರಿ ಅಂಗಡಿ. ನಮ್ಮ ಫ್ರಿಜ್ಜಿಗೆ ಗ್ಯಾಸು ತುಂಬಲು ಬಂದಿದ್ದವನ ಮುಂದೆ ನನ್ನ ಗೋಳು ಹೇಳಿಕೊಂಡೆ. ಮೈಸೂರಿನ ಒಂದು ಹೋಟೆಲಿನಲ್ಲಿ ಹೀಟ್ ಪಂಪ್ ಎಂಬುದನ್ನು ತಾನು ನೋಡಿಕೊಳ್ಳುತ್ತಿದ್ದೇನೆ, ಮನೆಗೂ ಹಾಕಬಹುದು, ಗಾಳಿಯಲ್ಲಿರುವ ಬಿಸಿಯನ್ನೇ ಎಳೆದುಕೊಂಡು ನೀರು ಕಾಯಿಸುತ್ತದೆ ಎಂದ. ಗೀಸರಿನ ಅರ್ಧ ಕರೆಂಟೂ ಬೇಡವಂತೆ. ನಾನು ಮೇಷ್ಟರ ಗತ್ತಿನಲ್ಲಿ ನಕ್ಕೆ. ತಣ್ಣಗಿರುವ ಕಡೆಯಿಂದ ಬಿಸಿಯಿರುವ ಕಡೆಗೆ ಶಾಖ ತಾನಾಗಿ ಹರಿಯುವುದಿಲ್ಲಪ್ಪ ಎಂದು ತಿಳಿಹೇಳಿದೆ.

"ತಾನಾಗಿ ಅರಿಯಾಕಿಲ್ಲ ಸಾ. ಅದ್ಕೇ ಪಂಪು" ಎಂದ ಕುಮಾರ.

ಎಸ್ಸೆಸ್ಸೆಲ್ಸಿ ಫೇಲಾದವನಂತೆ ಅವನು. ಅಪ್ಪನ ಕೈ ಹಿಡಿದುಕೊಂಡು ಹೋಗಿ ಫ್ರಿಜ್ಜಿನ ಬೆನ್ನಿಗೆ ಇಡಿಸಿದ. ಅಲ್ಲಿ ಬೆಚ್ಚಗಿತ್ತು. ಒಳಗಿನ ಬಿಸಿಯನ್ನು ಹೊರಗೆ ಹಾಕುವುದೇ ಫ್ರಿಜ್ಜಿನ ಕೆಲಸ, ಇದು ಹೊರಗಿನ ಬಿಸಿಯನ್ನು ನೀರಿಗೆ ಹಾಕುತ್ತದೆ, ಎರಡೂ ಒಂದೇ ಕಸುಬು ಎಂದ. ನಮ್ಮ ಬೆಕ್ಕು ಚಳಿಗಾಲವೆಲ್ಲ ಫ್ರಿಜ್ಜಿನ ಹಿಂದೆ ಯಾಕೆ ಮಲಗುತ್ತದೆಂದು ಅಪ್ಪನಿಗೆ ಆವತ್ತು ತಿಳಿಯಿತು. ಬೆಕ್ಕಿಗೆ ಮೊದಲೇ ತಿಳಿದಿತ್ತು. ನಾನೊಬ್ಬ ಬಾಕಿ.

ಅವ್ವ ಹೊಸಿಲ ಮೇಲೆ ಕೂತು ಅವರೆಕಾಳು ಹಿತುಕುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಹೊಗೆ ಬರುತ್ತದೆಯೇ ಎಂದು ಕೇಳಿದಳು. ಇಲ್ಲವೆಂದ ಕುಮಾರ. ಬೂದಿ? ಅದೂ ಇಲ್ಲ. "ಅಂಗಾರೆ ಪಾತ್ರೆ ಯಾತ್ರಲ್ಲಿ ಉಜ್ಜದು?" ಎಂದಳು. ಆದರೂ ಅವಳ ದನಿಯಲ್ಲಿ ಬೇಡವೆನ್ನುವುದಿರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಕುಮಾರ ಕಿವಿಯ ಸಂದಿನಿಂದ ಪೆನ್ಸಿಲು ತೆಗೆದು, ಜೇಬಿನಿಂದ ಒಂದು ಚೀಟಿ ತೆಗೆದ. ಟ್ಯಾಂಕಿನ ಅಳತೆ ಗೊತ್ತಾಗಬೇಕಲ್ಲ, ದಿನಾ ನೀರು ಹುಯ್ದುಕೊಳ್ಳುವವರು ಎಷ್ಟು ಜನ ಎಂದು ಕೇಳಿದ. ನಾನು ಬೆರಳು ಮಡಿಸುತ್ತ ಲೆಕ್ಕ ಹೇಳಿದೆ. ಅಪ್ಪ, ನಾನು, ಶೈಲಾ, ಮಕ್ಕಳಿಬ್ಬರು. ಐದು.

ಕುಮಾರ ಬರೆದುಕೊಂಡ. ಬರೆದು, ಹೊಸಿಲ ಕಡೆ ನೋಡಿ, ಪೆನ್ಸಿಲನ್ನು ಅಲ್ಲೇ ಹಿಡಿದುಕೊಂಡ. "ಅಮ್ಮಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಹೇಳಿದಳು. "ನಂದೇನಪ್ಪ, ಎಲ್ರುದೂ ಆದ್ಮೇಲೆ ಉಳ್ದಿದ್ರಲ್ಲಿ ಆಯ್ತದೆ. ಐದೇ ಬರ್ಕೋ."

ಅದರಲ್ಲಿ ದೂರಿರಲಿಲ್ಲ, ಕೊಂಕಿರಲಿಲ್ಲ. ಕಾಳು ಹಿತುಕುವುದನ್ನೂ ನಿಲ್ಲಿಸಲಿಲ್ಲ. ನನ್ನ ಲೆಕ್ಕ ಸರಿಯಾಗಿದೆಯೆಂದು ನನ್ನ ಪರವಾಗಿ ಸಾಕ್ಷಿ ನುಡಿದಳು, ಅಷ್ಟೇ. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಇಷ್ಟು ದಿನ ಅಲೆದದ್ದು ಯಾರಿಗಾಗಿ? ಅವಳೊಬ್ಬಳು ಬೆಳಿಗ್ಗೆ ಬಿಸಿನೀರಲ್ಲಿ ಮಿಂದು ಹೊತ್ತಿಗೆ ಸರಿಯಾಗಿ ತಿನ್ನಲಿ ಎಂದು. ಅವಳಿಗೋಸ್ಕರವೇ ತರುವ ಯಂತ್ರಕ್ಕೆ ಜನ ಎಣಿಸುವಾಗ ಅವಳೇ ನನ್ನ ಬೆರಳಿಗೆ ಸಿಗಲಿಲ್ಲ. ಮರೆತೆ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ಮರೆತಿದ್ದರೆ ನೆನಪಾಗುತ್ತಿತ್ತು. ಹುಟ್ಟಿದಾಗಿನಿಂದ ನಾನು ಬಿಸಿನೀರಿನ ಲೆಕ್ಕದಲ್ಲಿ ಅವಳನ್ನು ಸೇರಿಸಿಯೇ ಇರಲಿಲ್ಲ. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು, ಅದನ್ನು ಕುಮಾರ ನೋಡಿದ ಎಂದು ಇನ್ನಷ್ಟು ನಾಚಿಕೆಯಾಯಿತು.

ಅಪ್ಪ ಎದ್ದು ಹೊರಗೆ ಹೋದರು. ಶೈಲಾ ಆರು ಎಂದು ಬರೆದುಕೊಳ್ಳಿ ಎಂದಳು. ಕುಮಾರ ಐದನ್ನು ಹೊಡೆದುಹಾಕಿ ಆರು ಎಂದು ದೊಡ್ಡದಾಗಿ ಬರೆದು ನಮಗೆಲ್ಲ ತೋರಿಸಿದ. ಅವನು ಹೋಗುವಾಗ ಅವ್ವ ಅವನ ಕೈಯಲ್ಲಿ ಒಂದು ಪೊಟ್ಟಣ ಹಿತುಕಿದ ಬೇಳೆ ಇಟ್ಟಳು.

ಹೊಸ ಮನೆಯ ಪೂಜೆಗೆ ಒಂದು ವಾರ ಮೊದಲು ಯಂತ್ರ ಬಂತು. ಹಿಂಬದಿಯ ಗೋಡೆಗೆ ಒಂದು ಪೆಟ್ಟಿಗೆ, ಪಕ್ಕದಲ್ಲಿ ದುಂಡನೆಯ ದೊಡ್ಡ ಟ್ಯಾಂಕು. ಮಧ್ಯಾಹ್ನ ಗಾಳಿ ಬೆಚ್ಚಗಿರುವಾಗಲೇ ಓಡಿಸಿಬಿಡಿ, ಕಡಿಮೆ ಕರೆಂಟಿಗೆ ಕಾಯುತ್ತದೆ, ಟ್ಯಾಂಕಿನೊಳಗೆ ಬೆಳಗಿನವರೆಗೂ ಬಿಸಿ ಇಳಿಯುವುದಿಲ್ಲ ಎಂದು ಕುಮಾರ ಹೇಳಿಕೊಟ್ಟ. ಆರರ ಕರೆಂಟು ಹೋದರೆ ಹೋಗಲಿ ಎಂದು ನಾನು ಅದರ ಮುಂದೆ ಎದೆಯುಬ್ಬಿಸಿ ನಿಂತೆ. ಬಿಸಿಯನ್ನು ಕಳಕೊಂಡ ಗಾಳಿ ಇನ್ನೊಂದು ಕಡೆಯಿಂದ ತಣ್ಣಗೆ ಬರುತ್ತಿತ್ತು. ಪೂಜೆ ಮುಗಿಸಿ ಮನೆ ಹೊಕ್ಕ ಮೇಲೆ ಅಪ್ಪ ಎರಡೇ ದಿನದಲ್ಲಿ ತಮ್ಮ ಕುರ್ಚಿಯನ್ನು ಅಲ್ಲಿಗೆ ಸಾಗಿಸಿ ಮಧ್ಯಾಹ್ನದ ನಿದ್ದೆಗೆ ಸ್ಥಳ ಮಾಡಿಕೊಂಡರು. ಅವ್ವ ಮಾರನೆಯ ದಿನದ ಪೂಜೆಯ ಬಿಲ್ವಪತ್ರೆ, ಹೂವು, ತನ್ನ ವೀಳ್ಯದೆಲೆ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಅದರ ಮುಂದಿಟ್ಟಳು. ಇಂದಿಗೂ ಇಡುತ್ತಾಳೆ. ನೀರು ಕಾಯಿಸುವ ಯಂತ್ರಕ್ಕೆ ಹೀಗೊಂದು ಉಪಯೋಗವಿದೆಯೆಂದು ಕುಮಾರನಿಗೂ ಗೊತ್ತಿರಲಿಲ್ಲ.

ಟ್ಯಾಂಕು ಬಂತು, ಆರು ಜನಕ್ಕೆ ನೀರೂ ಇತ್ತು. ಆದರೆ ಅವ್ವ ಮತ್ತೆ ಸಾಲಿನ ಕೊನೆಗೇ ಹೋಗಿ ನಿಂತರೆ? ಒಲೆ ಇಲ್ಲದಿದ್ದರೇನು, ಗುಡಿಸುವುದಿದೆ, ಮಕ್ಕಳನ್ನು ಎಬ್ಬಿಸುವುದಿದೆ. ಕಾರಣಕ್ಕೆ ಬರವೇ? ಶೈಲಾ ಒಂದು ಉಪಾಯ ಹೂಡಿದಳು. ಹೊಸ ಯಂತ್ರದ ನೀರು ಹದವಾಗಿದೆಯೇ ಎಂದು ಮೈಮೇಲೆ ಹುಯ್ದು ನೋಡಿದರೇ ಗೊತ್ತಾಗುವುದು, ಅನುಭವಸ್ಥರಾದ ನೀವೇ ಮೊದಲು ನೋಡಿ ಹೇಳಬೇಕು ಅತ್ತೆ ಎಂದು ಹೊಸ ಮನೆಯ ಮೊದಲ ಸಂಜೆಯೇ ಒಪ್ಪಿಸಿದಳು. ಬೆಳಿಗ್ಗೆ ಐದೂವರೆಗೆ ಅವ್ವ ಬಚ್ಚಲಿಗೆ ಹೋದಳು. ನಲ್ಲಿಯ ಕೆಳಗೆ ಕೈ ಹಿಡಿದಳು. ಚೆನ್ನಾಗಿ ಕಾದಿದೆ ಎಂದು ತೀರ್ಪು ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಆಚೆ ಬಂದೇಬಿಟ್ಟಳು. ಶೈಲಾ ನನ್ನ ಮುಖ ನೋಡಿದಳು.

ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಚ್ಚಲ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದರು. ಮೂವತ್ತೈದು ವರ್ಷದಿಂದ ಮೊದಲ ನೀರು ಅವರದೇ. ಅವ್ವ ಎಂದಿನಂತೆ ಅವರನ್ನು ಕರೆದಳು.

"ನೀರ್ ಕಾದದೆ, ಓಗಿ."

"ನೀನ್ ಉಯ್ಕಂಡ್ ಬಾ" ಎಂದರು ಅಪ್ಪ.

"ನಿಮ್ಗೆ ಮಂಡಿಗೆ ಒತ್ತಾಯ್ತದೆ."

"ಆಗ್ಲಿ. ನೀನ್ ಉಯ್ಕಂಡ್ ಬರೋಗಂಟ ನಾನ್ ಇಲ್ಲಿಂದ ಏಳಾಕಿಲ್ಲ."

ಅಪ್ಪ ಅವಳ ಮುಖ ನೋಡಲಿಲ್ಲ, ನೆಲ ನೋಡಿಕೊಂಡೇ ಹೇಳಿದರು. ಕುಮಾರ ಚೀಟಿ ಬರೆದ ದಿನ ಎದ್ದು ಹೋದವರು ಆ ವಿಷಯವಾಗಿ ಒಂದು ಮಾತೂ ಆಡಿರಲಿಲ್ಲ. ಅವ್ವ ನನ್ನನ್ನು ನೋಡಿದಳು, ಶೈಲಾಳನ್ನು ನೋಡಿದಳು. ನಾವ್ಯಾರೂ ಕದಲಲಿಲ್ಲ. ಕೊನೆಗೆ ಒಗೆದ ಸೀರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಕೆಟ್ಟಿಗೆ ನೀರು ಬೀಳುವ ಸದ್ದು ಶುರುವಾಯಿತು, ಅರ್ಧಕ್ಕೇ ನಿಂತಿತು. "ತುಂಬ್ಸು, ತುಂಬ್ಸು" ಎಂದು ಅಪ್ಪ ಕೂತಲ್ಲಿಂದಲೇ ಹೇಳಿದರು. ನೀರಿನ ಸದ್ದು ಮತ್ತೆ ಶುರುವಾಯಿತು.

ಅವಳು ಪೂಜೆಗೆ ಕೂತಾಗ ಹೊರಗೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಅಪ್ಪ ಹೋದರು, ಶೈಲಾ ಹೋದಳು. ಆಮೇಲೆ ಮಕ್ಕಳು. ಮೇಲಿಂದ ನೀರು ಬೀಳುವ ಷವರನ್ನು ಹುಟ್ಟಿದ್ದಕ್ಕೆ ಮೊದಲ ಸಲ ನೋಡಿದವರು ಅವರು, ಮಳೆ ಮಳೆ ಎಂದು ಕುಣಿಯುತ್ತ ಹೊರಗೆ ಬರಲೇ ಇಲ್ಲ. ಶೈಲಾ ಹೋಗಿ ಗದರಿಸಿ ಎಳೆದು ತಂದಳು. ಎಲ್ಲರದೂ ಮುಗಿದ ಮೇಲೆ ನಾನು. ಟವೆಲು ಗೂಟಕ್ಕೆ ಹಾಕಿ ನಲ್ಲಿ ತಿರುಗಿಸಿದೆ. ಬಂದ ನೀರು ಉಗುರುಬೆಚ್ಚಗಿತ್ತು. ಎರಡು ತಂಬಿಗೆ ಆಗುವಷ್ಟರಲ್ಲಿ ಅದೂ ಹೋಗಿ ತಣ್ಣಗಾಯಿತು. ನನ್ನ ಬೋರ್ಡಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಉಗುರುಬೆಚ್ಚಗೆ ಎಂದು ಬರೆಯುವುದು ಬೇರೆ, ಅದನ್ನು ಚಳಿಯಲ್ಲಿ ನಡುಗುವ ಬೆನ್ನಿನ ಮೇಲೆ ಸುರಿದುಕೊಳ್ಳುವುದು ಬೇರೆ ಎಂಬುದಷ್ಟೇ ನನಗೆ ಗೊತ್ತಿರಲಿಲ್ಲ. ಒಂದು ದಿನಕ್ಕೇ ನನಗೆ ಇಷ್ಟು, ಅವಳಿಗೆ ದಿನಾ ಇದೇ. ಹಲ್ಲು ಕಚ್ಚಿಕೊಂಡು ಮುಗಿಸಿದೆ.

ಮೈ ಒರೆಸಿಕೊಂಡು ಅಡುಗೆಮನೆಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ಏಳೂವರೆ. ಅವ್ವ ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು, ಮಣೆಯ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಳು. ಪಕ್ಕದಲ್ಲಿ ಮಾತ್ರೆ, ಒಂದು ಲೋಟ ನೀರು. ಅವಳು ಬೆಳಗಿನ ತಿಂಡಿಯನ್ನು ನಮ್ಮ ಜೊತೆ ತಿನ್ನುವುದನ್ನು ನಾನು ಕಂಡದ್ದು ಅದೇ ಮೊದಲು. ನೋಡುತ್ತ ನಿಂತೆ. ಅವಳು ತಿನ್ನುವ ಕೈ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಏನೋ ತಪ್ಪು ಮಾಡಿದವಳ ಹಾಗೆ ದನಿ ಇಳಿಸಿ ಕೇಳಿದಳು.

"ಕೊನೇಲಿ ಓಗಿದ್ದು ನೀನಲ್ವಾ ಮಗ. ನಾನ್ ಮೊದ್ಲೇ ಉಯ್ಕಂಬುಟ್ಟೆ. ನಿಂಗೆ ಬಿಸಿ ಸಿಕ್ತಾ?"

ಇಲ್ಲವೆಂದರೆ ನಾಳೆ ಅವಳು ಸಾಲಿನಲ್ಲಿ ಎಲ್ಲಿರುತ್ತಾಳೆಂದು ನನಗೆ ಗೊತ್ತಿತ್ತು. ಅಪ್ಪ ಎಷ್ಟು ಹೊತ್ತು ಕುರ್ಚಿಯಲ್ಲಿ ಕೂತರೂ ಅವಳನ್ನು ಅಲ್ಲಿಂದ ಕದಲಿಸಲಾಗುವುದಿಲ್ಲ. ಹಲ್ಲು ಕಟಕಟ ಎನ್ನದಂತೆ ಒಂದು ಸಲ ಬಿಗಿದು ಹಿಡಿದುಕೊಂಡೆ.

"ಸುಡ್ತಿತ್ತು ಕಣವ್ವ" ಎಂದೆ.

ಅವ್ವ ಕೈ ಚಾಚಿ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿಕೊಂಡಳು.